ಕಿಲ್ಲಿಂಗ್ ಟೈಮ್: ಅಲ್ಪಾಯುಷಿ ತಂಡವೊಂದರ ಚೊಚ್ಚಲ ಆಲ್ಬಂ

‘ಕಿಲ್ಲಿಂಗ್ ಟೈಮ್’, ನ್ಯೂಯಾರ್ಕ್‌ನ ಪ್ರಾಯೋಗಿಕ ರಾಕ್ ತಂಡ ‘ಮ್ಯಾಸಕರ್’ನ ಚೊಚ್ಚಲ ಆಲ್ಬಂ. ಸೆಲ್ಯುಲಾಯ್ಡ್ ಸಂಸ್ಥೆ 1981ರಲ್ಲಿ ಇದನ್ನು ಹೊರತಂದಿತು. ಆಶುವಾದನದ ಸ್ವಾತಂತ್ರ್ಯವನ್ನೂ ರಾಕ್ ಸಂಗೀತದ ಬಿರುಸನ್ನೂ ಒಟ್ಟುಗೂಡಿಸಿದ ಧ್ವನಿಮುದ್ರಿಕೆಗಳಲ್ಲಿ ಇದಕ್ಕೆ ಗಣ್ಯ ಸ್ಥಾನವಿದೆ.

ತಂಡದಲ್ಲಿದ್ದವರು ಮೂವರೇ. ಗಿಟಾರ್ ವಾದಕ ಫ್ರೆಡ್ ಫ್ರಿತ್ ಇಂಗ್ಲೆಂಡಿನವರು; 1968ರಲ್ಲಿ ಕೇಂಬ್ರಿಜ್‌ನಲ್ಲಿ ಹುಟ್ಟಿದ ‘ಹೆನ್ರಿ ಕೌ’ ತಂಡದ ಸ್ಥಾಪಕರಲ್ಲೊಬ್ಬರು. ಆ ತಂಡ 1978ರಲ್ಲಿ ವಿಸರ್ಜನೆಗೊಂಡ ಬಳಿಕ ಅವರು ನ್ಯೂಯಾರ್ಕ್ ಸೇರಿದರು. ಬಾಸ್ ಗಿಟಾರ್‌ನ ಬಿಲ್ ಲಾಸ್ವೆಲ್ ಮತ್ತು ಡ್ರಮ್ಸ್ ವಾದಕ ಫ್ರೆಡ್ ಮಾಹರ್ ಅದಾಗಲೇ ‘ಮೆಟೀರಿಯಲ್’ ತಂಡದ ಜೊತೆಗಾರರು. 1980ರಲ್ಲಿ ಮೂವರೂ ಒಂದಾದರು. ನಗರದ ರಾಕ್ ಕ್ಲಬ್‌ಗಳ ಆಕ್ರಮಣಕಾರಿ ವಾತಾವರಣಕ್ಕೆ ಫ್ರಿತ್ ನೀಡಿದ ಉತ್ತರವೇ ಈ ತಂಡ.

ಆಲ್ಬಂನ ಒಂದು ಭಾಗ ಬ್ರೂಕ್ಲಿನ್‌ನ ಸ್ಟುಡಿಯೋದಲ್ಲಿ, ಇನ್ನೊಂದು ಭಾಗ ಪ್ಯಾರಿಸ್‌ನ ವೇದಿಕೆಯಲ್ಲಿ ಮುದ್ರಣಗೊಂಡಿತು. ಹೆಚ್ಚಿನವು ಕಿರು ರಚನೆಗಳು. ಹಾಡುಗಾರಿಕೆಗೆ ಇಲ್ಲಿ ಪ್ರಾಧಾನ್ಯವಿಲ್ಲ. ಗಿಟಾರ್ ಹರಿತವಾದ ತುಣುಕು ಸ್ವರಗಳನ್ನು ಚೆಲ್ಲಿದರೆ, ಬಾಸ್ ಗಿಟಾರ್ ಹಿನ್ನೆಲೆಯಲ್ಲಷ್ಟೇ ಉಳಿಯದೆ ಮುನ್ನುಗ್ಗುತ್ತದೆ. ಡ್ರಮ್ಸ್ ಬಿಗಿಯಾದ ಲಯವನ್ನು ಕಟ್ಟಿ, ಮರುಕ್ಷಣವೇ ಅದನ್ನು ಮುರಿಯುತ್ತದೆ. ಶೀರ್ಷಿಕೆಗೆ ‘ಹೊತ್ತು ಕಳೆಯುವುದು’ ಎಂಬುದು ರೂಢಿಯ ಅರ್ಥ. ‘ಕಾಲವನ್ನು ಕೊಲ್ಲುವುದು’ ಎಂಬುದು ಪದಶಃ ಅರ್ಥ. ಲಯವನ್ನು ಹೀಗೆ ತುಂಡರಿಸುವ ಸಂಗೀತಕ್ಕೆ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆ.

ಆಶುವಾದನ ಆ ಕ್ಷಣದ ಸೃಷ್ಟಿ. ನುಡಿಸಿದವರೇ ಅದನ್ನು ಮತ್ತೆ ಯಥಾವತ್ತಾಗಿ ನುಡಿಸಲಾರರು. ಧ್ವನಿಮುದ್ರಣವಾದರೋ ಕ್ಷಣವನ್ನು ಶಾಶ್ವತವಾಗಿ ಹಿಡಿದಿಡುತ್ತದೆ. ಈ ವಿರೋಧಾಭಾಸವೇ ‘ಕಿಲ್ಲಿಂಗ್ ಟೈಮ್’ಗೆ ದಾಖಲೆಯ ಮೌಲ್ಯ ತಂದುಕೊಟ್ಟಿದೆ. ಏಕೆಂದರೆ 1981ರಲ್ಲೇ ಮಾಹರ್ ಹೊರನಡೆದರು, ತಂಡ ಚದುರಿತು.

ಮುಂದೆ ಲಾಸ್ವೆಲ್, ಹರ್ಬಿ ಹ್ಯಾನ್‌ಕಾಕ್ ಅವರ ‘ಫ್ಯೂಚರ್ ಶಾಕ್’ (1983) ಆಲ್ಬಂನ ಸಹ ನಿರ್ಮಾಪಕರಾಗಿ ಖ್ಯಾತರಾದರು. ಮಾಹರ್, ಲೂ ರೀಡ್ ಅವರ ‘ನ್ಯೂಯಾರ್ಕ್’ (1989) ಆಲ್ಬಂನ ನಿರ್ಮಾಣದಲ್ಲಿ ಪಾಲುಗೊಂಡರು. ‘ಮ್ಯಾಸಕರ್’ ಮರುಜೀವ ಪಡೆದದ್ದು 1998ರಲ್ಲಿ, ‘ಫನ್ನಿ ವ್ಯಾಲೆಂಟೈನ್’ ಆಲ್ಬಂ ಮೂಲಕ. ಆದರೆ ಡ್ರಮ್ಸ್ ಮುಂದೆ ಕುಳಿತವರು ಚಾರ್ಲ್ಸ್ ಹೇವರ್ಡ್. ಹೀಗಾಗಿ ಮೊದಲ ಮೂವರು ಕೂಡಿ ನುಡಿಸಿದ ಆಲ್ಬಂ ‘ಕಿಲ್ಲಿಂಗ್ ಟೈಮ್’ ಒಂದೇ. ವೇದಿಕೆಯಲ್ಲಿ ಬಹುಕಾಲ ಬಾಳದ ಆ ತಂಡ ಇಂದಿಗೂ ಕೇಳಿಸುವುದು ಇದರಲ್ಲೇ.