ಅರಮನೆಯ ಗೋಡೆಯ ಮೇಲಿನ ಮುಖಗಳು

ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ಹತ್ತಿ ಮೈಸೂರು ಅರಮನೆ ನೋಡಲು ಹೋಗುವ ವಿದ್ಯಾರ್ಥಿಗಳು ಕಲ್ಯಾಣ ಮಂಟಪದ ಗೋಡೆಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ದಸರಾ ಮೆರವಣಿಗೆಯ 26 ತೈಲಚಿತ್ರಗಳು ಅಲ್ಲಿವೆ. ಆನೆ ಕುದುರೆಗಳ ವೈಭವ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀವು ಗಮನಿಸಬೇಕಾದುದು ಮುಖಗಳನ್ನು. ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು 1934ರಿಂದ 1945ರವರೆಗೆ ನಮ್ಮ ನಾಡಿನ ಚಿತ್ರಕಾರರೇ ಅವನ್ನು ಬರೆದರು. ಈ ವಿದ್ಯೆ ಅವರಿಗೆ ಬಂದುದು ಹೇಗೆ?

ಸಾಂಪ್ರದಾಯಿಕ ಮೈಸೂರು ಶೈಲಿಯಲ್ಲಿ ಮುಖ ಮೂಡುತ್ತಿದ್ದುದು ಮುಖ್ಯವಾಗಿ ರೇಖೆಯಿಂದ. ನೆರಳು ಬೆಳಕಿನಿಂದ ಮುಖವನ್ನು ಉಬ್ಬಿಸಿ ತೋರಿಸುವುದು ಯುರೋಪಿನ ಕ್ರಮ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಇಲ್ಲಿಗೆ ಬಂದ ಐರ್ಲೆಂಡಿನ ಥಾಮಸ್ ಹಿಕಿ ದಿವಾನ್ ಪೂರ್ಣಯ್ಯನವರ ಭಾವಚಿತ್ರ ಬರೆದನು. 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ರಾಜಾ ರವಿವರ್ಮ ಬಂದು ರಾಜಮನೆತನದವರ ಭಾವಚಿತ್ರಗಳನ್ನು ಬರೆದರು.

ಆ ರವಿವರ್ಮರಿಗಾದರೂ ಗುರುಗಳು ಸುಲಭವಾಗಿ ಸಿಕ್ಕಲಿಲ್ಲ. 1868ರಲ್ಲಿ ತಿರುವಾಂಕೂರಿಗೆ ಬಂದಿದ್ದ ಥಿಯೋಡರ್ ಜೆನ್ಸನ್ ಕಲಿಸಲು ಒಪ್ಪದೆ, ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟನು. ನೋಡುವುದು, ಮನೆಗೆ ಹೋಗಿ ಮಾಡುವುದು, ಮತ್ತೆ ನೋಡುವುದು: ಅಭ್ಯಾಸ ನಡೆದುದು ಹೀಗೆ. ಹುಟ್ಟು ಪ್ರತಿಭೆಯ ಮಾತನ್ನೇ ಆಡುವವರು ಇದನ್ನು ಮರೆಯುತ್ತಾರೆ.

ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಚಿತ್ರಕಲೆಯನ್ನು ತರಗತಿಯ ಪಾಠವಾಗಿಸಿತು. ಅದರ ಕಟ್ಟಡಕ್ಕೆ 1906ರಲ್ಲಿ ಶಂಕುಸ್ಥಾಪನೆಯಾಗಿತ್ತು.

ಅಭಿಜಾತ ಶೈಲಿಯ ಭಾವಚಿತ್ರದಲ್ಲಿ ಬಣ್ಣ ಬರುವುದು ತಡವಾಗಿ. ಮೊದಲು ರೇಖಾಚಿತ್ರ, ಅದರ ಮೇಲೆ ಕಂದು ಅಥವಾ ಬೂದಿ ಬಣ್ಣವೊಂದರಲ್ಲೇ ನೆರಳು ಬೆಳಕು. ಇದು ಒಣಗಿದ ಮೇಲೆ ಚರ್ಮದ ಬಣ್ಣವನ್ನು ತೆಳು ಪದರಗಳಲ್ಲಿ ಕೂಡಿಸುತ್ತಾರೆ. ಕೆಳಗಿನ ಪದರದಲ್ಲಿ ಟರ್ಪೆಂಟೈನ್ ಹೆಚ್ಚು, ಮೇಲೆ ಹೋದಂತೆ ಅಗಸೆ ಎಣ್ಣೆ ಹೆಚ್ಚು; ತಿರುವುಮುರುವಾದರೆ ಬಣ್ಣ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ತಪ್ಪಿದ ಮೂಗನ್ನು ಕೆರೆದು ಮತ್ತೆ ಬರೆಯುವ ಅವಕಾಶವೂ ಈ ನಿಧಾನದಿಂದಲೇ. (ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಅನೇಕರು ರವಿವರ್ಮರ ತೈಲಚಿತ್ರವೆನ್ನುತ್ತಾರೆ. ಅದು ಎಸ್.ಎಲ್. ಹಲ್ದಂಕರ್ ಅವರದು, ಜಲವರ್ಣದ್ದು. ಅಲ್ಲಿ ತಿದ್ದುವುದು ಬಹಳ ಕಷ್ಟ.)

ಛಾಯಾಚಿತ್ರ ನೋಡಿ ಬರೆದದ್ದು ನಕಲಷ್ಟೇ ಅಲ್ಲವೇ ಎಂದು ನೀವು ಕೇಳಬಹುದು. ಆ ಕಾಲದ ಛಾಯಾಚಿತ್ರಗಳು ಕಪ್ಪು ಬಿಳುಪಿನವು. ಬಿಸಿಲಿಗೆ ಕಂದಿದ ಕೆನ್ನೆಯ ಬಣ್ಣ, ರುಮಾಲಿನ ನೆರಳು ಹಣೆಯ ಮೇಲೆ ಬಿದ್ದಾಗ ಆಗುವ ಬಣ್ಣ, ಇವು ಅದರಲ್ಲಿ ಸಿಗುತ್ತಿರಲಿಲ್ಲ. ಅವನ್ನು ಚಿತ್ರಕಾರ ಜೀವಂತ ಮುಖಗಳನ್ನು ನೋಡಿ ನೋಡಿ ಮೊದಲೇ ಕಲಿತಿರಬೇಕಾಗಿತ್ತು.