ತಯಾರಿಕೆ ನಿಂತ ಪುಟ್ಟ ಇಟ್ಟಿಗೆವಾಹನಗಳು

ಡೆನ್ಮಾರ್ಕಿನ ಬಿಲ್ಲುಂಡ್ ಪಟ್ಟಣದ ಲೆಗೊ ಸಂಸ್ಥೆಯು ಒಂದಕ್ಕೊಂದು ಬಿಗಿಯಾಗಿ ಕೂಡುವ ಪ್ಲಾಸ್ಟಿಕ್ ಇಟ್ಟಿಗೆಗೆ 1958ರಲ್ಲಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿತಾದರೂ, ಆ ಇಟ್ಟಿಗೆಗಳಿಂದ ಉರುಳುವ ವಾಹನ ಕಟ್ಟುವುದು ಮಕ್ಕಳಿಗೆ ಸುಲಭವಾದದ್ದು 1962ರಲ್ಲಿ ರಬ್ಬರ್ ಟೈರಿನ ಚಕ್ರ ಬಂದ ಮೇಲೆಯೇ. ಇಟ್ಟಿಗೆಯ ಮೇಲಿನ ದುಂಡು ಗುಬುಟುಗಳ ಲೆಕ್ಕದಲ್ಲಿ ನಾಲ್ಕರಷ್ಟೇ ಅಗಲವಿದ್ದ ಪುಟ್ಟ ಕಾರು, ಲಾರಿಗಳಿಗೆ 1978ರಲ್ಲಿ ಕೈಕಾಲು ಆಡಿಸಬಲ್ಲ ಮನುಷ್ಯಾಕೃತಿಯ ರೂಪದಲ್ಲಿ ಚಾಲಕನೂ ದೊರೆತನು. ಅಷ್ಟು ಇಕ್ಕಟ್ಟಿನಲ್ಲಿ ಆಸನ, ಸ್ಟೀರಿಂಗ್, ಗಾಜುಗಳನ್ನು ಅಡಕಗೊಳಿಸಿದ ವಿನ್ಯಾಸಕಾರರ ಮಿತವ್ಯಯವೇ ಈ ಆಟಿಕೆಗಳ ನಿಜವಾದ ಹಿರಿಮೆ. ಅಗ್ಗದ ಈ ಆಟಿಕೆಗಳ ತುಣುಕುಗಳನ್ನು ಮಕ್ಕಳು ಬಿಚ್ಚಿ ಬೇರೆಯವುಗಳೊಡನೆ ಬೆರೆಸಿಬಿಡುತ್ತಿದ್ದುದರಿಂದ, ತಯಾರಿಕೆ ನಿಂತ ವಾಹನಗಳು ಸೂಚನಾ ಹಾಳೆಯೊಡನೆ ಪೂರ್ಣವಾಗಿ ಉಳಿದದ್ದು ಕಡಿಮೆ. 2000ದಲ್ಲಿ ಆರಂಭವಾಗಿ 2019ರಲ್ಲಿ ಲೆಗೊ ಸಂಸ್ಥೆಯ ಒಡೆತನಕ್ಕೆ ಬಂದ ಬ್ರಿಕ್‌ಲಿಂಕ್ ಎಂಬ ಅಂತರ್ಜಾಲ ಮಾರುಕಟ್ಟೆಯಲ್ಲಿ ಬಿಡಿಭಾಗಗಳು ಬಣ್ಣವಾರು ದೊರೆಯತೊಡಗಿದಾಗ, ಸಂಗ್ರಾಹಕರು ಕಳೆದುಹೋದ ತುಣುಕುಗಳನ್ನು ಒಂದೊಂದಾಗಿ ಕೊಂಡು ಹಳೆಯ ವಾಹನಗಳನ್ನು ಮರಳಿ ಕಟ್ಟಿದರು.