ನಿಪ್ಪಾಣಿಯಿಂದ ಓದು ಶುರುವಾಗಲಿ

ಕ್ರಾಂತಿ, ಸಮಾಜ ಬದಲಾವಣೆ ಅಂತ ಓದೋದಿದ್ರೆ ಯಾವ ಪುಸ್ತಕ ಹಿಡೀಬೇಕ್ರೀ ಎಂದು ಯಡೂರಿನ ಹುಡುಗರು ಕೇಳುತ್ತಾರೆ. ರಷ್ಯಾ, ಫ್ರಾನ್ಸ್ ಆಮೇಲೆ ನೋಡೋಣ, ಮೊದಲು ನಮ್ಮ ಸೀಮೆಯದು ಓದಿ ಎನ್ನುತ್ತೇನೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಚಿಕ್ಕೋಡಿ ಬ್ರಿಟಿಷರದು, ಪಕ್ಕದ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. 1902ರ ಜುಲೈ 26ರಂದು ಕೊಲ್ಹಾಪುರದ ಅರಸ ಶಾಹೂ ಮಹಾರಾಜರು ಸಂಸ್ಥಾನದ ನೌಕರಿಯಲ್ಲಿ ತೆರವಾಗುವ ಜಾಗಗಳ ಪೈಕಿ ಶೇ 50 ಹಿಂದುಳಿದವರಿಗೆ ಎಂದು ಹುಕುಂ ಹೊರಡಿಸಿದರು. ಅಂದರೆ ರಾಯಬಾಗದ ಹಿಂದುಳಿದವನಿಗಿದ್ದ ಹಕ್ಕು ಚಿಕ್ಕೋಡಿಯ ಹಿಂದುಳಿದವನಿಗೆ ಇರಲಿಲ್ಲ. ಈ ಒಂದು ಗಡಿ ತಿಳಿದರೆ ಶಾಹೂ ಅವರ ಚರಿತ್ರೆ ದೂರದ ಅರಸನ ಕಥೆಯಾಗಿ ಉಳಿಯುವುದಿಲ್ಲ.

1920ರ ಮಾರ್ಚಿನಲ್ಲಿ ಕೊಲ್ಹಾಪುರ ಸೀಮೆಯ ಮಾಣಗಾಂವದ ಪರಿಷತ್ತಿನಲ್ಲಿ ಅದೇ ಮಹಾರಾಜರು ಅಸ್ಪೃಶ್ಯರ ಮುಂದೆ ಅಂಬೇಡ್ಕರರನ್ನು ಅವರ ನಾಯಕನೆಂದು ಸಾರಿದರು. ಐದು ವರ್ಷಕ್ಕೆ, 1925ರ ಏಪ್ರಿಲ್‌ನಲ್ಲಿ, ಬಾಬಾಸಾಹೇಬ ಅಂಬೇಡ್ಕರರು ನಮ್ಮ ನಿಪ್ಪಾಣಿಯಲ್ಲೇ ಮುಂಬೈ ಪ್ರಾಂತದ ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದರು. ಮಹಾಡದ ಕೆರೆ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷವಿತ್ತು. ಮಹಾಡ ಶಾಲೆಯ ಪುಸ್ತಕದಲ್ಲಿದೆ, ನಿಪ್ಪಾಣಿ ಇಲ್ಲ. ಅದು ನನಗೆ ಬಹಳ ನೋವು.

ಆದ್ದರಿಂದ ನನ್ನ ಮೊದಲ ಶಿಫಾರಸು ನಿಪ್ಪಾಣಿಯ ಬಳವಂತರಾವ್ ವರಾಳೆಯವರ ಮರಾಠಿ ನೆನಪುಗಳು. 1929ರಲ್ಲಿ ಧಾರವಾಡದಲ್ಲಿ ಅಂಬೇಡ್ಕರರು ತೆರೆದ ವಿದ್ಯಾರ್ಥಿನಿಲಯವನ್ನು ನೋಡಿಕೊಂಡವರು ಅವರೇ. ಊಟ, ಹಾಸಿಗೆ, ಓದುವ ದೀಪ ಇಲ್ಲದ ಹುಡುಗನಿಗೆ ಸಭೆಯ ಭಾಷಣ ಎಷ್ಟು ದಿನ ಬಂದೀತು? ನಮ್ಮ ಮಕ್ಕಳಿಗೆ ಕನ್ನಡದ ಜೊತೆ ಮರಾಠಿಯೂ ಓದಲು ಬರುತ್ತದೆ, ಆ ಸಿರಿ ಕಳೆಯಬಾರದು. ವರಾಳೆಯವರ ಪುಸ್ತಕ ಮುಗಿದ ಮೇಲೆ 'ಜಾತಿ ವಿನಾಶ' ಹಿಡಿಯಿರಿ. 1936ರಲ್ಲಿ ಲಾಹೋರಿನ ಒಂದು ಸಂಘದವರು ಭಾಷಣಕ್ಕೆ ಕರೆದು, ಮಾತಿನ ಖಾರ ಕಂಡು ಸಭೆಯನ್ನೇ ಕೈಬಿಟ್ಟಾಗ ಅಂಬೇಡ್ಕರರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಭಾಷಣ ಅದು.

ಇನ್ನೊಂದು ಓದು ಪುಸ್ತಕವಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿದ ಕಥೆಯನ್ನು ಬೆಂಗಳೂರಿನ ಯುಗಾಂತರ್ ತಂಡ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಚಿತ್ರವಾಗಿಸಿತು. ಅದರ ಹಿಂದಿನ ವರ್ಷವೇ ತಂಬಾಕಿಗೆ ಯೋಗ್ಯ ಬೆಲೆ ಕೇಳಿ ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ಇಲ್ಲಿನ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಪೊಲೀಸರ ಗುಂಡು ಹಾರಿ ಜೀವಗಳು ಹೋಗಿದ್ದವು. ಬೆಳೆದವರೂ ಬೀದಿಗೆ, ಧೂಳು ಕುಡಿದು ಹದ ಮಾಡಿದವರೂ ಬೀದಿಗೆ. ರೈತನಿಗೆ ಸಿಕ್ಕ ಬೆಲೆಯಲ್ಲಿ ಕೂಲಿಯವಳ ಪಾಲೆಷ್ಟು ಎಂದು ಮಾತ್ರ ಎರಡನ್ನೂ ಕೂಡಿಸಿ ಬರೆದವರು ನನಗೆ ಕಂಡಿಲ್ಲ. ಆ ಚಿತ್ರವನ್ನು ತಂಬಾಕು ಹದ ಮಾಡಿದ ಅವ್ವಂದಿರ ಪಕ್ಕದಲ್ಲಿ ಕೂತು ನೋಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.